ಶಾಲೆ ಮುಚ್ಚಿದ್ದ ವರ್ಷದ ಸಿಂಚನಾ

೨೦೨೦ರ ಜೂನ್ ತಿಂಗಳಲ್ಲಿ ನಾನು ಬೈಂದೂರು ಶೈಕ್ಷಣಿಕ ವಲಯದಲ್ಲಿ ಸಂಪನ್ಮೂಲ ಶಿಕ್ಷಕಿಯಾಗಿ ಕೆಲಸ ಮಾಡುತ್ತಿದ್ದೆ. ಇಲಾಖೆಯ ಭಾಷೆಯಲ್ಲಿ ಈ ಹುದ್ದೆಗೆ ಬಿ.ಐ.ಇ.ಆರ್.ಟಿ. ಎಂದು ಹೆಸರು. ಕಣ್ಣು ಕಿವಿ ಮಂದವಾದ, ಕೈಕಾಲು ಸ್ವಾಧೀನದಲ್ಲಿಲ್ಲದ, ಕಲಿಕೆ ನಿಧಾನವಾದ ಮಕ್ಕಳು ಊರಿನ ಶಾಲೆಯಲ್ಲೇ ಉಳಿದವರ ಜೊತೆ ಕಲಿಯುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಶಾಲೆಗೆ ಬರಲು ಸಾಧ್ಯವೇ ಇಲ್ಲದ ಮಕ್ಕಳ ಮನೆಗೆ ನಾವೇ ಹೋಗಿ ಪಾಠ ಹೇಳಬೇಕು. ಅದಕ್ಕೆ ಗೃಹಾಧಾರಿತ ಶಿಕ್ಷಣ ಎನ್ನುತ್ತಾರೆ. ಮಗುವಿನ ಹೆಸರು ಶಾಲೆಯಲ್ಲಿರುತ್ತದೆ, ಮಗು ಮನೆಯಲ್ಲಿರುತ್ತದೆ, ನಡುವೆ ನಾವು ಸ್ಕೂಟರಿನಲ್ಲಿ ಓಡಾಡುತ್ತಿರುತ್ತೇವೆ. ನನ್ನ ಬಾಡಿಗೆ ಮನೆ ತಲ್ಲೂರಿನಲ್ಲಿತ್ತು. ಬೆಳಿಗ್ಗೆ ಹೆದ್ದಾರಿ ಹಿಡಿದು ತ್ರಾಸಿ, ಮರವಂತೆ ದಾಟಿ ಹೋದರೆ ಸಂಜೆಯವರೆಗೆ ಒಂದು ಮನೆಯಿಂದ ಇನ್ನೊಂದು ಮನೆ. ಈಗ ನಿವೃತ್ತಳಾಗಿ ಬ್ರಹ್ಮಾವರದಲ್ಲಿದ್ದೇನೆ. ಇಷ್ಟು ವರ್ಷಗಳ ಕೆಲಸದಲ್ಲಿ ನೂರಾರು ಮಕ್ಕಳನ್ನು ಕಂಡೆ. ಆದರೆ ಆನ್‌ಲೈನ್ ಪಾಠದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಸಿಂಚನಾ ಒಬ್ಬಳೇ.

ಸಿಂಚನಾಳ ಮನೆ ನಾವುಂದದಿಂದ ಒಳಗೆ, ಗುಡ್ಡೆಯ ಬುಡದಲ್ಲಿ. ಅವಳಿಗಿದ್ದದ್ದು ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬ ಹುಟ್ಟಿನಿಂದ ಬರುವ ಕಾಯಿಲೆ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಬೆನ್ನುಹುರಿಯಲ್ಲಿ ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಅಪ್ಪಣೆ ಸಿಗದ ಸ್ನಾಯು ಸೊರಗುತ್ತದೆ. ಬುದ್ಧಿಗೆ, ಕಣ್ಣಿಗೆ, ಕಿವಿಗೆ ಏನೂ ಆಗುವುದಿಲ್ಲ. ಎಲ್ಲವನ್ನೂ ಚೆನ್ನಾಗಿ ತಿಳಿದುಕೊಂಡೇ ಮಗು ನಿಧಾನವಾಗಿ ಚಲನೆಯನ್ನು ಕಳೆದುಕೊಳ್ಳುತ್ತದೆ. ಸಿಂಚನಾ ಎಂದೂ ನಡೆದವಳಲ್ಲ. ನಾಲ್ಕನೆಯ ತರಗತಿಯವರೆಗೆ ತಾಯಿ ಗುಲಾಬಿ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರಿನ ಪ್ರಾಥಮಿಕ ಶಾಲೆಗೆ ಒಯ್ಯುತ್ತಿದ್ದಳು. ಆಮೇಲೆ ಮಗಳ ಬೆನ್ನು ಬಾಗಿತು, ಭಾರವೂ ಹೆಚ್ಚಿತು, ಶಾಲೆ ನಿಂತಿತು. ನಾನು ಆ ಭಾಗಕ್ಕೆ ಬಂದಾಗ ವಯಸ್ಸಿಗೆ ತಕ್ಕಂತೆ ಅವಳದು ಎಂಟನೆಯ ತರಗತಿ. ಹತ್ತಿರದ ಪ್ರೌಢಶಾಲೆಯಲ್ಲಿ ಹೆಸರು ಸೇರಿಸಿ ವಾರಕ್ಕೊಮ್ಮೆ ಹೋಗುತ್ತಿದ್ದೆ. ಗುಲಾಬಿ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಕೆಲಸಕ್ಕೆ ಹೋಗುವಳು. ಗಂಡ ರಾಘವ ಹುಡುಗನಾಗಿದ್ದಾಗಿನಿಂದಲೂ ಮುಂಬಯಿಯಲ್ಲಿ, ಒಂದು ಕ್ಯಾಂಟೀನಿನಲ್ಲಿ. ವರ್ಷಕ್ಕೊಮ್ಮೆ ಬಂದು ಹೋಗುವ ಅಪ್ಪನ ಮುಂದೆ ಮಗಳು ನಾಚಿಕೊಳ್ಳುತ್ತಿದ್ದಳು.

ಕೊರೊನಾ ಬಂತು. ಶಾಲೆಗಳಿಗೆ ಬೀಗ ಬಿತ್ತು. ನನ್ನ ಮನೆಭೇಟಿಗಳೂ ನಿಂತವು. ಮುಂಬಯಿಯ ಕ್ಯಾಂಟೀನ್ ಮುಚ್ಚಿದ್ದರಿಂದ ರಾಘವ ಬಸ್ಸಿನಲ್ಲಿ ಊರಿಗೆ ಬಂದ. ಹೊರಗಿನಿಂದ ಬಂದವರನ್ನು ಆಗ ನೇರ ಮನೆಗೆ ಬಿಡುತ್ತಿರಲಿಲ್ಲ, ಕ್ವಾರಂಟೈನ್ ಎಂದು ಶಾಲೆಗಳಲ್ಲಿ ಇರಿಸುತ್ತಿದ್ದರು. ರಾಘವನನ್ನು ಇಟ್ಟದ್ದು ಮಗಳ ಹೆಸರಿದ್ದ ಅದೇ ಪ್ರೌಢಶಾಲೆಯಲ್ಲಿ. ಮಗಳು ಒಮ್ಮೆಯೂ ಕಾಲಿಡದ ಹತ್ತನೆಯ ತರಗತಿಯ ಕೋಣೆಯಲ್ಲಿ ಅಪ್ಪ ಚಾಪೆ ಹಾಸಿ ಮಲಗಿದ. ಮನೆಗೆ ಹೋದ ಮೇಲೆ ಆ ಕೋಣೆಯ ಕಿಟಕಿ, ಹಲಗೆ, ಬೆಂಚುಗಳ ವರ್ಣನೆಯನ್ನೆಲ್ಲ ಮಗಳು ಅವನಿಂದ ಕೇಳಿ ಕೇಳಿ ಹೇಳಿಸಿಕೊಂಡಳಂತೆ.

ಜೂನ್ ಕೊನೆಗೆ ಶಾಲೆಯವರು ತರಗತಿಗೊಂದು ವಾಟ್ಸಾಪ್ ಗುಂಪು ಮಾಡಿದರು. ಮುಂಬಯಿಯಿಂದ ರಾಘವ ತಂದಿದ್ದ ಸ್ಮಾರ್ಟ್‌ಫೋನ್ ಮನೆಯಲ್ಲಿದ್ದುದರಿಂದ ಸಿಂಚನಾಳನ್ನೂ ಸೇರಿಸಿ ಎಂದು ನಾನು ವಿಜ್ಞಾನದ ವಸಂತ ಮಾಸ್ತರರಿಗೆ ಹೇಳಿದೆ. ಅವರೇ ಹತ್ತನೆಯ ತರಗತಿಯ ಗುಂಪು ನೋಡಿಕೊಳ್ಳುತ್ತಿದ್ದರು. ತುಂಬ ಶ್ರದ್ಧೆಯ ಮನುಷ್ಯ. ಆದರೆ ಅವರ ಮೊದಲ ವಿಡಿಯೋ ಮಕ್ಕಳಿಗೆ ತಲುಪಲೇ ಇಲ್ಲ. ಒಂದು ಇಡೀ ಪಿರಿಯಡ್ಡಿನ ಪಾಠವನ್ನು ಹಲಗೆಯ ಮುಂದೆ ನಿಂತು ಒಂದೇ ಸಲಕ್ಕೆ ರೆಕಾರ್ಡ್ ಮಾಡಿದ್ದರು. ನಮ್ಮ ಒಳಊರುಗಳ ನೆಟ್‌ವರ್ಕಿಗೆ ಅದು ಇಳಿಯುವಂಥದ್ದಲ್ಲ. ಇಳಿಸಿಕೊಂಡ ಒಬ್ಬಿಬ್ಬರಿಗೂ ಕೇಳಿಸಿದ್ದು ಫ್ಯಾನಿನ ಸದ್ದು ಮತ್ತು ಹಂಚಿನ ಮೇಲೆ ಸುರಿಯುವ ಮಳೆ.

"ಟೀಚರ್, ನಂಗೆ ಎದುರಿಗೆ ಮಕ್ಕಳ್ ಇಲ್ದೆ ಮಾತೇ ಬತ್ತಿಲ್ಲೆ ಮರ್ರೆ," ಎಂದು ಅವರು ಫೋನಿನಲ್ಲಿ ಬೇಸರಪಟ್ಟರು.

ಕಣ್ಣು ಕಾಣದ ಮಕ್ಕಳಿಗಾಗಿ ನಾನು ಹಿಂದಿನಿಂದಲೂ ಪಾಠಗಳನ್ನು ಧ್ವನಿಮುದ್ರಿಸುತ್ತಿದ್ದವಳು. ಗೊತ್ತಿದ್ದದ್ದನ್ನು ಹೇಳಿದೆ. ಒಂದು ಕ್ಲಿಪ್ಪಿಗೆ ಒಂದೇ ವಿಷಯ. ಕಿವಿಗೆ ಹೇಳಿದರೆ ಸಾಕಾಗುವುದನ್ನು ಆಡಿಯೋದಲ್ಲಿ ಹೇಳಿ, ಕಣ್ಣಿನಿಂದ ನೋಡಲೇಬೇಕಾದದ್ದಕ್ಕೆ ಮಾತ್ರ ವಿಡಿಯೋ ಮಾಡಿ. ಬಲ್ಬ್ ಉರಿಯುವುದು, ಲಿಟ್ಮಸ್ ಬಣ್ಣ ಬದಲಿಸುವುದು ಇಂಥವಕ್ಕೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೆದುರು ನಿಂತು ಮಾತಾಡಿದರೆ ಮಳೆಯ ಸದ್ದು ತಗ್ಗುತ್ತದೆ. ಕೊನೆಗೊಂದು ಪ್ರಶ್ನೆ ಕೇಳಿ, ಉತ್ತರವನ್ನು ಮಕ್ಕಳು ತಮ್ಮ ಧ್ವನಿಯಲ್ಲೇ ಕಳುಹಿಸಲಿ. ಈ ಕೊನೆಯ ಮಾತನ್ನು ನಾನು ಹೇಳಿದ್ದು ಸಿಂಚನಾಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅವಳ ಬಲಗೈಯ ಎರಡು ಬೆರಳುಗಳು ಮಾತ್ರ ಅಲ್ಪಸ್ವಲ್ಪ ಆಡುತ್ತಿದ್ದವು. ಬರೆದು ಫೋಟೋ ಕಳಿಸುವುದು ಅವಳಿಂದಾಗದು, ಮಾತು ಮಾತ್ರ ಚೆನ್ನಾಗಿತ್ತು.

ಅವಳ ಮೊದಲ ಉತ್ತರ ಗುಂಪಿಗೆ ಬಂದ ದಿನ ನನಗೆ ನೆನಪಿದೆ. ವಸಂತ ಮಾಸ್ತರರು ಬಲ್ಬುಗಳ ಸರಣಿ ಜೋಡಣೆ ಮತ್ತು ಸಮಾಂತರ ಜೋಡಣೆಯನ್ನು ತೋರಿಸುವ ಪುಟ್ಟ ವಿಡಿಯೋ ಹಾಕಿದ್ದರು. ಸರಣಿಯಲ್ಲಿ ಒಂದು ಬಲ್ಬ್ ತೆಗೆದರೆ ಉಳಿದವೂ ಆರುವುದು ಯಾಕೆ ಎಂಬುದು ಪ್ರಶ್ನೆ. ಹೆಚ್ಚಿನವರು ಪುಸ್ತಕದ ಸಾಲು ಓದಿ ಕಳಿಸಿದ್ದರು. ಆಗ ಯಾರಿಗೂ ಪರಿಚಯವಿಲ್ಲದ ತೆಳುವಾದ, ಸ್ಪಷ್ಟವಾದ ಸ್ವರವೊಂದು ಬಂತು.

"ಮಾಸ್ಟ್ರೆ, ವಿದ್ಯುತ್ ಪ್ರವಾಹ ಮುಚ್ಚಿದ ಮಂಡಲದಲ್ಲಿ ಮಾತ್ರ ಹರಿಯುತ್ತದೆ. ನಮ್ಮ್ ಅಪ್ಪಯ್ಯನ ಕ್ಯಾಂಟೀನಂಗೆ ಮಧ್ಯಾಹ್ನ ಉದ್ದಕ್ ಸಾಲ್ ನಿಂತ್ಕಂಡ್ ಊಟದ ತಟ್ಟಿ ಕೈಯಿಂದ ಕೈಗ್ ದಾಟ್ಸುದಂಬ್ರ್. ಮಧ್ಯದವ ಒಬ್ಬ ಹೋರೆ ಆಚೆಯವ್ರಿಗೆ ಯಾರಿಗೂ ಊಟ ಇಲ್ಲೆ. ಅದ್ ಸರಣಿ. ಒಂದೊಂದ್ ಟೇಬಲ್ಲಿಗೆ ಒಬ್ಬೊಬ್ಬ ಸಪ್ಲೈಯರ್ ಇದ್ರೆ ಅದ್ ಸಮಾಂತರ. ಮತ್ತೆ ಮಾಸ್ಟ್ರೆ, ವಿಡಿಯೋದಗೆ ನಿಮ್ಮ್ ಕೈ ಅಡ್ಡ ಬಂದ್ ವೈರ್ ಕಾಂತಿಲ್ಲೆ."

ಗುಂಪಿನಲ್ಲಿ ನಗುವಿನ ಚಿಹ್ನೆಗಳು ಸುರಿದವು. ನಿಶ್ಮಿತಾ ಎಂಬ ಚುರುಕಿನ ಹುಡುಗಿ ತಕ್ಷಣ ಕೇಳಿದಳು, "ಹ್ವಾಯ್, ಇದ್ ಯಾರ್ ಮಾತಾಡದ್? ಹೊಸ ಅಡ್ಮಿಷನ್ನಾ?"

"ಹೊಸ್ತಲ್ಲ. ಎಂಟನೇ ಕ್ಲಾಸಿಂದ ನಿಮ್ಮ್ ಒಟ್ಟಿಗೇ ಇದ್ದೆ," ಎಂದಳು ಸಿಂಚನಾ.

ಮರುದಿನ ಅವಳಿಗೆ ಫೋನ್ ಮಾಡಿ, ನಿನ್ನ ವಿಷಯ ಮಕ್ಕಳಿಗೆ ನಾನು ಹೇಳಲೇ ಎಂದು ಕೇಳಿದೆ. ಅವಳು ಬೇಡವೆಂದಳು. "ಎಲ್ಲರೂ ಈಗ ಮನಿಯಂಗೇ ಇದ್ದ್ರಲೆ ಟೀಚರ್. ನಾನೂ ಮನಿಯಂಗ್ ಇದ್ದೆ. ಬೇರೆ ಎಂತ ಹೇಳ್ಕ್?"

ಅವಳು ಹೇಳಿದ್ದು ನಿಜವಿತ್ತು. ಆ ಕೆಲವು ತಿಂಗಳು ಊರಿನ ಮಕ್ಕಳೆಲ್ಲ ಅವಳಂತೆಯೇ ನಾಲ್ಕು ಗೋಡೆಯ ನಡುವೆ ಕುಳಿತು ಫೋನಿಗೆ ಕಿವಿಗೊಟ್ಟಿದ್ದರು. ಯಾರು ಓಡಬಲ್ಲರು, ಯಾರು ಮಲಗಿದ್ದಾರೆ ಎಂಬುದು ಆಡಿಯೋ ಕ್ಲಿಪ್ಪಿನಲ್ಲಿ ಕಾಣುವುದಿಲ್ಲ. ಪಾಠ ಅರ್ಥವಾಗದವರು ಸಿಂಚನಾಳನ್ನು ಕೇಳತೊಡಗಿದರು. ಅವಳು ಪ್ರತಿ ಪಾಠವನ್ನೂ ತನ್ನ ಮಾತಿನಲ್ಲಿ ಚಿಕ್ಕದಾಗಿ ಹೇಳಿ ಕಳಿಸುವಳು. ನಿಶ್ಮಿತಾ ಮತ್ತು ಅವಳ ನಡುವೆ ಪಾಠದ ಹೊರಗಿನ ಮಾತುಗಳೂ ಬೆಳೆದವು. ನಿಶ್ಮಿತಾ ಮೀನಿನ ಸಾರಿಗೆ ಹುಳಿ ಹೆಚ್ಚು ಹಾಕಿದ್ದು, ಸಿಂಚನಾಳ ಮನೆಯ ಬೆಕ್ಕು ಮರಿ ಹಾಕಿದ್ದು, ಇಂಥವು. ಗುಲಾಬಿ ಒಮ್ಮೆ ನನ್ನ ಬಳಿ ಹೇಳಿದಳು, "ದಿನಾ ಇಡೀ ಮಾತೇ ಟೀಚರ್. ಹಿಂದೆಲ್ಲ ನಾನ್ ಕೆಲ್ಸಕ್ಕ್ ಹೋರೆ ಬಪ್ಪಲ್ಲಿವರಿಗೆ ಗೋಡಿ ಕಾಣ್ತಾ ಮನ್ಗಿಕಂಡಿರ್ತಿತ್ತ್."

ಸಿಂಚನಾಳ ಕಿವಿಯ ಬಳಿ ಫೋನ್ ಹಿಡಿಯುವುದು, ಕ್ಲಿಪ್ ಹಾಕುವುದು, ಅವಳು ಮಾತಾಡುವಾಗ ಗುಂಡಿ ಒತ್ತಿ ಹಿಡಿಯುವುದು ರಾಘವನ ಕೆಲಸ. ಮಳೆ ಬಿಟ್ಟ ಮೇಲೆ ಮಾಸ್ಕ್ ಹಾಕಿಕೊಂಡು ನಾನು ಒಮ್ಮೆ ಹೋದಾಗ ಅವನು ಮಂಚದ ಅಂಚಿನಲ್ಲಿ ಕುಳಿತಿದ್ದ. ನನ್ನನ್ನು ಕಂಡು ನಾಚಿಕೆಯಿಂದ ಎದ್ದು ನಿಂತ.

"ನಾನ್ ಆರನೇ ಕ್ಲಾಸಿಗ್ ಶಾಲಿ ಬಿಟ್ಟವ ಟೀಚರ್," ಎಂದ. "ಈಗ ಮಗಳ್ ಒಟ್ಟಿಗೆ ಹತ್ತನೇ ಕ್ಲಾಸ್ ಓದ್ತಿದ್ದೆ."

"ಅಪ್ಪಯ್ಯಂಗೆ ಓಮ್ಸ್ ನಿಯಮ ಬತ್ತ್," ಎಂದು ಮಗಳು ಹೆಮ್ಮೆಯಿಂದ ಹೇಳಿದಳು. ಹಿಂದೆ ಅವನ ಮುಂದೆ ಮಾತೇ ಆಡದಿದ್ದ ಹುಡುಗಿ.

ನವೆಂಬರಿನಲ್ಲಿ ಮಕ್ಕಳ ಮೌಖಿಕ ಉತ್ತರಗಳಿಗೆ ಅಂಕ ಕೊಡಬೇಕಾಯಿತು. ಸಿಂಚನಾಳ ಕ್ಲಿಪ್ಪುಗಳನ್ನು ವಸಂತ ಮಾಸ್ತರರು ನನಗೆ ಕಳಿಸಿದರು. ನಾನು ತಲ್ಲೂರಿನ ಮನೆಯಲ್ಲಿ ಕುಳಿತು ಜುಲೈಯಿಂದ ಹಿಡಿದು ಒಂದೊಂದನ್ನೇ ಸಾಲಾಗಿ ಕೇಳುತ್ತಾ ಬಂದೆ. ಉತ್ತರಗಳೆಲ್ಲ ಸರಿಯಾಗಿದ್ದವು. ಸರಿಯಿಲ್ಲದ್ದು ಬೇರೇನೋ ಇದೆ ಎಂದು ಅರ್ಧದಲ್ಲಿ ಅನ್ನಿಸಿತು. ಮತ್ತೆ ಮೊದಲಿಂದ ಹಾಕಿದೆ. ಜುಲೈಯಲ್ಲಿ "ವಿದ್ಯುತ್ ಪ್ರವಾಹ ಮುಚ್ಚಿದ ಮಂಡಲದಲ್ಲಿ ಮಾತ್ರ ಹರಿಯುತ್ತದೆ" ಎಂಬಷ್ಟು ಉದ್ದದ ವಾಕ್ಯವನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದ್ದಳು. ಸೆಪ್ಟೆಂಬರಿನಲ್ಲಿ ಅಂಥ ವಾಕ್ಯದ ನಡುವೆ ಒಮ್ಮೆ ಉಸಿರು ಎಳೆದುಕೊಂಡಿದ್ದಳು. ನವೆಂಬರಿನ ಕ್ಲಿಪ್ಪಿನಲ್ಲಿ ಮೂರು ಪದಕ್ಕೊಮ್ಮೆ ನಿಲ್ಲುತ್ತಿದ್ದಳು. ಪದದ ಕೊನೆಯ ಅಕ್ಷರ ಕೇಳಿಸುತ್ತಿರಲಿಲ್ಲ. ದಿನವೂ ಜೊತೆಗಿದ್ದವರಿಗೆ ಇದು ತಿಳಿಯುವಂಥದ್ದಲ್ಲ. ಬಹಳ ಮೆಲ್ಲಗೆ ಆದ ಬದಲಾವಣೆ. ತಿಂಗಳುಗಳನ್ನು ಒಂದು ಗಂಟೆಯೊಳಗೆ ಕೇಳಿದ್ದರಿಂದ ನನ್ನ ಕಿವಿಗೆ ಬಿತ್ತು.

ಈ ಕಾಯಿಲೆಯಲ್ಲಿ ಕೈಕಾಲಿನ ಬಳಿಕ ಎದೆಯ ಸ್ನಾಯುಗಳು ಸೋಲುತ್ತವೆ ಎಂದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆಯೇ ಹೋಗಿ ರಾಘವ ಮತ್ತು ಗುಲಾಬಿಯನ್ನು ಅಂಗಳಕ್ಕೆ ಕರೆದು ಹೇಳಿದೆ. ಅವಳಿಗೆ ಬೆಳಿಗ್ಗೆ ತಲೆನೋವು ಬರುತ್ತದೆಯೇ, ಹಗಲು ತೂಕಡಿಸುತ್ತಾಳೆಯೇ ಎಂದು ಕೇಳಿದೆ. ಎರಡಕ್ಕೂ ಗುಲಾಬಿ ಹೌದೆಂದಳು. "ಫೋನ್ ಕಂಡ್ ಕಂಡ್ ತಲಿಬೇನಿ ಅಂದ್ಕಂಡಿದ್ದೆ ಟೀಚರ್."

ಕುಂದಾಪುರದ ವೈದ್ಯರಿಗೆ ತೋರಿಸಿದೆವು. ಅವರು ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಿದ್ದೆಯಲ್ಲಿ ಅವಳ ಉಸಿರು ಸಾಲುತ್ತಿಲ್ಲ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಅಲ್ಲಿನ ವೈದ್ಯೆ ಸಮಾಧಾನದ ಸುಳ್ಳು ಹೇಳಲಿಲ್ಲ. "ಇದನ್ನು ನಿಲ್ಲಿಸುವ ದಾರಿ ಈಗ ನಮ್ಮ ಕೈಯಲ್ಲಿಲ್ಲ. ಉಸಿರಾಟ ಸುಲಭ ಮಾಡಬಹುದು. ನೆಗಡಿ, ಜ್ವರ ಇದ್ದವರು ಯಾರೂ ಅವಳ ಹತ್ತಿರ ಬರಬಾರದು. ಬೇರೆ ಮಕ್ಕಳಿಗೆ ಸಣ್ಣ ನೆಗಡಿ ಅನ್ನುವುದು ಇವಳಿಗೆ ಸಣ್ಣದಲ್ಲ," ಎಂದರು. ಮಲಗುವಾಗ ಹಾಕಿಕೊಳ್ಳಲು ಬೈಪ್ಯಾಪ್ ಎಂಬ ಯಂತ್ರ ಮನೆಗೆ ಬಂತು. ಮೂಗಿನ ಮೇಲೆ ಮುಖವಾಡವಿಟ್ಟು ಗಾಳಿಯನ್ನು ಒಳಗೆ ತಳ್ಳುವ ಯಂತ್ರ ಅದು. ಮುಖವಾಡದಿಂದ ಮೂಗಿನ ಮೇಲೆ ಕೆಂಪು ಗುರುತು ಬಿತ್ತು. ಯಂತ್ರ ಬಂದ ಮೇಲೆ ತಲೆನೋವು ಹೋಯಿತು, ಮುಖ ಗೆಲುವಾಯಿತು. ಉದ್ದನೆಯ ಕ್ಲಿಪ್ಪುಗಳು ಮಾತ್ರ ಮತ್ತೆ ಬರಲಿಲ್ಲ. ಗುಂಪಿನಲ್ಲಿ ಯಾರೋ, ಈಗೀಗ ಯಾಕೆ ಇಷ್ಟೇ ಇಷ್ಟು ಹೇಳುತ್ತೀ ಎಂದು ಕೇಳಿದಾಗ, "ನೀವೂ ಕಲೀಕಲೆ, ಎಲ್ಲ ನಾನೇ ಹೇಳ್ಕಾ?" ಎಂದು ತಮಾಷೆ ಮಾಡಿದಳು.

ಹೊಸ ವರ್ಷದ ಮೊದಲ ದಿನ ಹತ್ತನೆಯ ತರಗತಿಗೆ ಶಾಲೆ ತೆರೆಯಿತು. ಗೇಟಿಗೆ ಮಾವಿನ ಸೊಪ್ಪಿನ ತೋರಣ ಕಟ್ಟಿದ್ದರು. ಮಾಸ್ಕ್ ಹಾಕಿದ ಮಕ್ಕಳು ಒಬ್ಬರನ್ನೊಬ್ಬರು ಕಣ್ಣಿನಲ್ಲೇ ಗುರುತಿಸಿ ಕೂಗಿಕೊಳ್ಳುತ್ತಿದ್ದರು. ನಾನೂ ಆ ದಿನ ಅಲ್ಲಿದ್ದೆ. ಶಿಕ್ಷಕರ ಕಣ್ಣುಗಳು ಒದ್ದೆಯಾಗಿದ್ದವು. ನಿಶ್ಮಿತಾ ಹುಡುಗಿಯರ ಗುಂಪಿನಿಂದ ಗುಂಪಿಗೆ ಹೋಗಿ ಹುಡುಕುತ್ತಿದ್ದಳು. ಕೊನೆಗೆ ವಸಂತ ಮಾಸ್ತರರ ಹತ್ತಿರ ಬಂದಳು.

"ಮಾಸ್ಟ್ರೆ, ಸಿಂಚನಾ ಬರ್ಲಿಲ್ಯಾ?"

ಮಾಸ್ತರರು ನನ್ನ ಮುಖ ನೋಡಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಸಿಂಚನಾಳಿಗೆ ಫೋನ್ ಮಾಡಿ ಅವಳ ಒಪ್ಪಿಗೆ ಕೇಳಿದೆ. "ಹೇಳಿ ಟೀಚರ್. ಆದ್ರೆ ಅಯ್ಯೋ ಅಂಬುಕಾಗ ಅಂದ್ ಹೇಳಿ," ಎಂದಳು. ತರಗತಿಯಲ್ಲಿ ನಿಂತು ನಾನೇ ಹೇಳಿದೆ. ಯಾರೂ ಅಯ್ಯೋ ಅನ್ನಲಿಲ್ಲ. ನಿಶ್ಮಿತಾ ಬೆಂಚಿನ ಮೇಲೆ ತಲೆಯಿಟ್ಟು ಮುಖ ಮುಚ್ಚಿಕೊಂಡಳು.

ಮುಂದೆ ಆದದ್ದರಲ್ಲಿ ಯಾರ ತಪ್ಪೂ ಇಲ್ಲ. ಅರ್ಧ ವರ್ಷ ಕಳೆದುಹೋಗಿತ್ತು, ಪರೀಕ್ಷೆ ಎದುರಿಗಿತ್ತು, ಶಿಕ್ಷಕರು ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ ಓಡಿಸುತ್ತಿದ್ದರು. ಕ್ಲಿಪ್ ಮಾಡುವವರು ಯಾರು, ಕೇಳುವವರು ಯಾರು? ಗುಂಪಿನಲ್ಲಿ ಬರುತ್ತಿದ್ದುದು ನಾಳೆ ಎರಡು ಫೋಟೋ ತನ್ನಿ, ಶನಿವಾರ ಬೆಳಗಿನ ತರಗತಿ ಎಂಬಂಥ ಸಂದೇಶಗಳು. ಆಮೇಲೆ ಅವೂ ನಿಂತವು. ಪಾಠ ನಡೆಯುವಾಗ ಮೇಜಿನ ಮೇಲೆ ಫೋನ್ ಇಟ್ಟು ವಿಡಿಯೋ ಕಾಲ್ ಮಾಡೋಣವೆಂದು ನಾನೂ ವಸಂತ ಮಾಸ್ತರರೂ ಪ್ರಯತ್ನಿಸಿದೆವು. ಗುಡ್ಡೆಯ ಬುಡದ ಆ ಮನೆಯಲ್ಲಿ ಚಿತ್ರ ನಿಂತು ನಿಂತು ಬರುತ್ತಿತ್ತು, ಮಾತು ತುಂಡಾಗುತ್ತಿತ್ತು. ಕೆಲವು ದಿನಗಳ ಬಳಿಕ ಅವಳೇ ಬೇಡವೆಂದಳು. ತನಗಾಗಿ ಪಾಠ ನಿಲ್ಲುವುದು ಅವಳಿಗೆ ಇಷ್ಟವಿರಲಿಲ್ಲ. ಮಾಸ್ತರರು ಬಿಡುವಾದಾಗಲೆಲ್ಲ ಅವಳೊಬ್ಬಳಿಗಾಗಿ ಪುಟ್ಟ ಆಡಿಯೋ ಮಾಡಿ ಕಳಿಸುತ್ತಿದ್ದರು. ಅವಳು ಅದನ್ನು ಕೇಳಿ ಉತ್ತರವನ್ನೂ ಕಳಿಸುತ್ತಿದ್ದಳು. ಆದರೆ ಉತ್ತರಕ್ಕೆ ನಗುವವರು, ಮರುಪ್ರಶ್ನೆ ಹಾಕುವವರು ಇರಲಿಲ್ಲ.

ಅದೇ ಹೊತ್ತಿಗೆ ಮುಂಬಯಿಯ ಕ್ಯಾಂಟೀನ್ ತೆರೆಯಿತು. ಈಗ ಬಾರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಮಾಲೀಕರು ಹೇಳಿಕಳಿಸಿದರು. ಹೋಗಲೇ ಬೇಡವೇ ಎಂದು ರಾಘವ ನನ್ನನ್ನು ಕೇಳಿದ. ಹೋಗು ಎನ್ನುವ ಧೈರ್ಯವೂ ಬೇಡ ಎನ್ನುವ ಅಧಿಕಾರವೂ ನನಗಿರಲಿಲ್ಲ. ತೀರ್ಮಾನ ಮಾಡಿದ್ದು ಮಗಳು. "ಹೋಯ್ ಬನ್ನಿ ಅಪ್ಪಯ್ಯ. ಪರೀಕ್ಷಿ ಟೈಮಿಗ್ ಬಂದ್ರೆ ಸಾಕ್," ಎಂದಳಂತೆ. ಅವನು ಸ್ಮಾರ್ಟ್‌ಫೋನನ್ನು ಅವಳ ದಿಂಬಿನ ಬಳಿ ಬಿಟ್ಟು, ಹಳೆಯ ಗುಂಡಿಯ ಫೋನ್ ಹಿಡಿದುಕೊಂಡು ರೈಲು ಹತ್ತಿದ. ಹಗಲು ಫೋನ್ ಹಿಡಿಯಲು ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ಕೂರುತ್ತಿದ್ದರು.

ಜನವರಿ ಕೊನೆಯ ಒಂದು ಭಾನುವಾರ ನಾನು ಮಾಸ್ಕ್ ಹಾಕಿಕೊಂಡು ಅಲ್ಲಿದ್ದಾಗ ನಿಶ್ಮಿತಾ ಮತ್ತು ಇನ್ನೊಬ್ಬಳು ಹುಡುಗಿ ಸೈಕಲ್ಲಿನಲ್ಲಿ ಬಂದರು. ತುಂಬಿದ ತರಗತಿಯಿಂದ ಬರುವವರೆಂದು, ವೈದ್ಯೆಯ ಮಾತು ನೆನೆದು, ಗುಲಾಬಿ ಅವರನ್ನು ಒಳಗೆ ಬಿಡುವ ಹಾಗಿರಲಿಲ್ಲ. ಕಿಟಕಿಯಿಂದ ಮಾತಾಡಲಿ ಎಂದು ಅದರ ಕದ ತೆರೆಯಹೋದಳು. ಸಿಂಚನಾ ಗಾಬರಿಯಿಂದ ತಡೆದಳು. ಹಗಲೂ ಆಗಾಗ ಯಂತ್ರ ಬೇಕಾಗುತ್ತಿದ್ದ ದಿನಗಳು ಅವು. ಮುಖದ ಮೇಲೆ ಮುಖವಾಡವಿತ್ತು. "ಅಮ್ಮ, ತೆಗೀಬ್ಯಾಡ. ಕಾಂಬುದ್ ಬ್ಯಾಡ."

ಗುಲಾಬಿ ನನ್ನ ಮುಖ ನೋಡಿದಳು. ನಾನು ಫೋನನ್ನು ಸಿಂಚನಾಳ ಬಾಯಿಯ ಬಳಿ ಹಿಡಿದೆ. ಅವಳು ಮುಖವಾಡ ಸರಿಸಲು ಹೇಳಿ ಒಂದು ಕ್ಲಿಪ್ ಮಾಡಿದಳು. "ಬಂದದ್ದ್ ಖುಷಿ ಆಯ್ತ್ ನಿಶಾ. ಅಂಗಳದಗೆ ಬಿಸ್ಲಾ? ಕೂತ್ಕಣಿ." ಹೊರಗೆ ನಿಶ್ಮಿತಾಳ ಫೋನ್ ಸದ್ದು ಮಾಡಿದ್ದು ನಮಗೆ ಒಳಗೆ ಕೇಳಿಸಿತು. ಅವಳ ಉತ್ತರವೂ ಹಾಗೆಯೇ ಬಂತು. ಒಂದು ಗೋಡೆಯ ಆಚೆ ಈಚೆ ಕುಳಿತು ಆ ಹುಡುಗಿಯರು ಅರ್ಧ ಗಂಟೆ ಆಡಿಯೋ ಕಳಿಸಿಕೊಂಡು ಮಾತಾಡಿದರು. ನಿಶ್ಮಿತಾ ಹೊರಗೆ ಹೇಳಿದ್ದು ನೇರವಾಗಿಯೂ ಕೇಳುತ್ತಿತ್ತು, ಆಮೇಲೆ ಫೋನಿನಿಂದ ಮತ್ತೊಮ್ಮೆ ಬರುತ್ತಿತ್ತು. ಹೊರಡುವಾಗ ನಿಶ್ಮಿತಾ ಅಳುತ್ತಿದ್ದಳು. ಆದರೆ ಅವಳು ಕಳಿಸಿದ ಕೊನೆಯ ಕ್ಲಿಪ್ಪಿನಲ್ಲಿ ಅಳು ಇರಲಿಲ್ಲ. "ನಾಳೆ ಗಣಿತ ಟೆಸ್ಟ್ ಹೆಣೆ, ಬತ್ತೆ ಅಕಾ," ಎಂದಷ್ಟೇ ಇತ್ತು.

ಅವರು ಹೋದ ಮೇಲೆ ಸಿಂಚನಾ ನನ್ನನ್ನು ಕರೆದಳು. ಮಾತು ತುಂಡು ತುಂಡಾಗಿ ಬಂತು. "ಟೀಚರ್, ನಂಗ್ ಕ್ಲಾಸಿನ್ ಗಲಾಟಿ ಬೇಕ್. ಪಾಠ ಅಲ್ಲ. ಮಾಸ್ಟ್ರ್ ಬಪ್ಪುಕ್ ಮುಂಚೆ ಮಕ್ಕಳ್ ಗಲಾಟಿ ಮಾಡ್ತ್ರಲೆ, ಅದ್. ಕಳ್ಸ್ತ್ರಿಯಾ?"

ನಾನು ಮಾಡಿದ ಧ್ವನಿಮುದ್ರಣಗಳಲ್ಲಿ ಅಂಥದ್ದು ಅದೊಂದೇ. ಆವರೆಗೆ ಸದ್ದನ್ನು ಹೊರಗಿಡುವುದು ಹೇಗೆಂದು ಶಿಕ್ಷಕರಿಗೆ ಹೇಳಿಕೊಡುತ್ತಿದ್ದವಳು ನಾನು. ಮರುದಿನ ಶಾಲೆಗೆ ಹೋಗಿ ಹತ್ತನೆಯ ತರಗತಿಯ ಕಿಟಕಿಯ ಹೊರಗೆ, ಯಾರಿಗೂ ಹೇಳದೆ, ಫೋನ್ ಹಿಡಿದು ನಿಂತೆ. ಬೆಲ್ ಹೊಡೆಯಿತು. ಬೆಂಚು ಎಳೆದ ಸದ್ದು, ಯಾರೋ ಯಾರದೋ ಪೆನ್ನು ಕಸಿದುಕೊಂಡು ಓಡಿದ್ದು, ಹಿಂದಿನ ಸಾಲಿನ ಕೇಕೆ, ಯಾರೋ ಹಾಡಿನ ಒಂದು ಸಾಲನ್ನು ತಪ್ಪು ರಾಗದಲ್ಲಿ ಹೇಳಿದ್ದು, ಆಮೇಲೆ ಮಾಸ್ತರರ ಚಪ್ಪಲಿಯ ಸದ್ದು ಕೇಳಿ ಎಲ್ಲವೂ ಥಟ್ಟನೆ ನಿಂತದ್ದು. ಅಷ್ಟನ್ನೂ ಕಳಿಸಿದೆ. ಸಂಜೆ ಅವಳ ಉತ್ತರ ಬಂತು. "ನಿಶಾ ನೆಗಾಡಿದ್ ಗೊತ್ತಾಯ್ತ್. ಬಾಕಿಯವ್ರ್ ಯಾರ್ಯಾರ್ ಅಂದ್ ಕಂಡ್ಹಿಡೀತಿದ್ದೆ." ಆ ಕ್ಲಿಪ್ಪನ್ನು ದಿನವೂ ಹಾಕಿಸಿಕೊಂಡು ಕೇಳುತ್ತಾಳೆಂದು ಗುಲಾಬಿ ಹೇಳಿದಳು. ಕೆಲವೊಮ್ಮೆ ಕೇಳುತ್ತಲೇ ನಿದ್ದೆ ಹೋಗುವಳಂತೆ.

ಫೆಬ್ರವರಿ ಮುಗಿಯುವ ಹೊತ್ತಿಗೆ ಅವಳಿಗೆ ನೆಗಡಿಯಾಯಿತು. ಎಲ್ಲಿಂದ ಬಂತೆಂದು ಹೇಳಲಾಗದು, ಯಾರಿಂದಲೂ ಬಂದಿರಬಹುದು. ಕೆಮ್ಮಿ ಕಫ ಹೊರಹಾಕುವ ಶಕ್ತಿ ಆ ಎದೆಗೆ ಇರಲಿಲ್ಲ. ಬೆಳಿಗ್ಗೆ ಗುಲಾಬಿ ಫೋನ್ ಮಾಡಿ, "ಟೀಚರ್, ಹೆಣ್ಣ್ ಕಣ್ಣ್ ಬಿಡುದಿಲ್ಲೆ, ಬೇಗ ಬನ್ನಿ," ಎಂದಳು. ನಾನು ಹೋಗುವಷ್ಟರಲ್ಲಿ ನೆರೆಯವರು ಆಂಬುಲೆನ್ಸ್ ಕರೆಸಿದ್ದರು. ಕುಂದಾಪುರದ ಆಸ್ಪತ್ರೆಯಲ್ಲಿ ವೈದ್ಯರು ತಮ್ಮಿಂದಾದದ್ದನ್ನೆಲ್ಲ ಮಾಡಿದರು. ಮರುದಿನ ಮಧ್ಯಾಹ್ನ ಸಿಂಚನಾ ತೀರಿಕೊಂಡಳು. ಗುಲಾಬಿ ಮಗಳ ಎರಡು ಬೆರಳುಗಳನ್ನು ಹಿಡಿದುಕೊಂಡು ಕುಳಿತಿದ್ದಳು. ಬಹಳ ಹೊತ್ತು ಬಿಡಲಿಲ್ಲ.

ರಾಘವ ಸುದ್ದಿ ತಿಳಿದ ಕೂಡಲೇ ರೈಲು ಹತ್ತಿದ್ದ. ಮರುದಿನ ಅವನು ಬೈಂದೂರು ಸ್ಟೇಷನ್ನಿನಲ್ಲಿ ಇಳಿದಾಗ ಕರೆತರಲು ಹೋದದ್ದು ವಸಂತ ಮಾಸ್ತರರು ಮತ್ತು ನಾನು. ಕಾರಿನಲ್ಲಿ ಅವನು ಅಳಲಿಲ್ಲ. ಉಪ್ಪುಂದ ದಾಟಿದ ಮೇಲೆ ಮೆಲ್ಲಗೆ ಕೇಳಿದ, "ಮಾಸ್ಟ್ರೆ, ಕೊನೀಗ್ ಅವ್ಳ್ ಎಂತ ಪಾಠ ಓದ್ತಿದ್ಲ್?"

"ಬೆಳಕಿನ ವಕ್ರೀಭವನ," ಎಂದರು ಮಾಸ್ತರರು.

"ಅದ್ ನಂಗ್ ಗೊತ್ತಿಲ್ಲೆ," ಎಂದ ರಾಘವ. "ನಾನ್ ಹೋಪಲ್ಲಿವರಿಗಿನ್ ಪಾಠ ಎಲ್ಲ ಕೇಂಡಿದ್ದೆ. ಆಮೇಲಿನದ್ ನಂಗ್ ಗೊತ್ತಿಲ್ಲೆ." ಮಾಸ್ತರರಿಗೆ ಕಾರು ಓಡಿಸಲಾಗಲಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿದರು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಸ್ವಲ್ಪ ಹೊತ್ತಿನ ಬಳಿಕ ನಾವು ಮುಂದೆ ಹೋದೆವು.

ಆ ವರ್ಷದ ಪರೀಕ್ಷೆ ಜುಲೈಯಲ್ಲಿ ನಡೆಯಿತು. ಎರಡನೆಯ ಅಲೆಯಲ್ಲಿ ಶಾಲೆ ಮತ್ತೆ ಮುಚ್ಚಿ, ಹೊಸ ತಂಡದ ಮಕ್ಕಳಿಗೆ ಮತ್ತೆ ಆನ್‌ಲೈನ್ ಪಾಠ ಶುರುವಾಯಿತು. ವಸಂತ ಮಾಸ್ತರರು ಹಳೆಯ ಕ್ಲಿಪ್ಪುಗಳಲ್ಲಿ ಒಳ್ಳೆಯವನ್ನು ಆರಿಸಿ ಇಟ್ಟುಕೊಂಡಿದ್ದರು. ಅದರಲ್ಲಿ ಸಿಂಚನಾಳ ವಿವರಣೆಗಳೂ ಇದ್ದವು. ಸರಣಿ ಮತ್ತು ಸಮಾಂತರ ಜೋಡಣೆಯನ್ನು ಅಷ್ಟು ಚೆನ್ನಾಗಿ ತಾನೂ ಹೇಳಲಾರೆ ಎಂಬುದು ಅವರ ಮಾತು. ಹೊಸ ಮಕ್ಕಳಿಗೆ ಅದನ್ನು ಕೇಳಿಸಬಹುದೇ ಎಂದು ಮನೆಯವರನ್ನು ಕೇಳಲು ನನ್ನನ್ನು ಕಳಿಸಿದರು.

ರಾಘವ ಮತ್ತೆ ಮುಂಬಯಿಗೆ ಹೋಗಿರಲಿಲ್ಲ. ಜಗಲಿಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕುಳಿತಿದ್ದ. ಮಗಳ ಸ್ವರ ಗುಲಾಬಿಗೆ ತಡೆಯಲಾಗುತ್ತಿರಲಿಲ್ಲ, ಕೇಳದೆ ಇರಲು ಅವನಿಂದಾಗುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಹೀಗೆ ದಾರಿ ಮಾಡಿಕೊಂಡಿದ್ದರು. ನಾನು ಬಂದ ವಿಷಯ ಹೇಳಿದೆ. ರಾಘವ ಹೆಂಡತಿಯ ಮುಖ ನೋಡಿದ. ಉತ್ತರ ಕೊಟ್ಟದ್ದು ಗುಲಾಬಿ.

"ಬ್ಯಾಡ ಟೀಚರ್," ಎಂದಳು. "ಅವ್ಳ್ ಮಾತಾಡಿದ್ ಅವ್ಳ್ ಒಟ್ಟಿಗಿನ್ ಮಕ್ಕಳ್ ಹತ್ರ. ಅವ್ರಿಗ್ ಅವ್ಳ್ ಗೊತ್ತಿತ್ತ್. ಗೊತ್ತಿಲ್ದವ್ರ್ ಮಾರ್ಕಿಗ್ ಕೇಂಬುದ್ ಬ್ಯಾಡ."

ಸರಿ ಎಂದೆ. ಎದ್ದು ಹೊರಟಾಗ ಅವಳು ಅಂಗಳದವರೆಗೆ ಬಂದಳು. ಸ್ಕೂಟರಿನ ಬಳಿ ನಿಂತು, ಯಾರನ್ನೂ ದೂರುವ ದನಿಯಲ್ಲಲ್ಲ, ತನ್ನಷ್ಟಕ್ಕೆ ಎಂಬಂತೆ ಹೇಳಿದಳು, "ನಿಮ್ಗೆಲ್ಲ ಅದ್ ಕೆಟ್ಟ ವರ್ಷ ಟೀಚರ್. ನನ್ ಹೆಣ್ಣಿಗ್ ಅದೊಂದೇ ಒಳ್ಳೆ ವರ್ಷ."

ವಸಂತ ಮಾಸ್ತರರು ಆ ಕ್ಲಿಪ್ಪುಗಳನ್ನು ಸಂಗ್ರಹದಿಂದ ತೆಗೆದರು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಕುಂದಾಪುರ, ಬ್ರಹ್ಮಾವರ ವಲಯಗಳ ಶಿಕ್ಷಕರಿಗೆ ಆಡಿಯೋ ವಿಡಿಯೋ ಪಾಠದ ತರಬೇತಿ ಕೊಡಲು ನನ್ನನ್ನು ಕರೆಯುತ್ತಿದ್ದರು. ಎಷ್ಟು ಉದ್ದ ಇರಬೇಕು, ಯಾವ ಮೈಕ್ ಒಳ್ಳೆಯದು ಎಂದು ಕೇಳುತ್ತಿದ್ದರು. ಅದನ್ನೆಲ್ಲ ಹೇಳಿ, ಕೊನೆಗೆ ಎರಡು ಮಾತು ಸೇರಿಸುತ್ತಿದ್ದೆ. ಮಕ್ಕಳು ಕಳಿಸಿದ ಉತ್ತರವನ್ನು ಪೂರ್ತಿ ಕೇಳಿ, ಅದರಲ್ಲಿ ಉತ್ತರಕ್ಕಿಂತ ಹೆಚ್ಚಿನದು ಇರುತ್ತದೆ. ಮತ್ತೆ, ಶಾಲೆ ತೆರೆದ ದಿನ ಆ ಗುಂಪನ್ನು ಮುಚ್ಚುವ ಮುನ್ನ ಅದರಲ್ಲಿದ್ದ ಎಲ್ಲರೂ ಗೇಟಿನ ಒಳಗೆ ಬಂದರೇ ಎಂದು ನೋಡಿ. ನಮಗೆ ತೆರೆದ ಬಾಗಿಲು ಒಂದು ಮಗುವಿಗೆ ಮುಚ್ಚಿದ ಬಾಗಿಲಾಗಬಹುದು ಎಂಬುದನ್ನು ಸಿಂಚನಾ ನನಗೆ ಕಲಿಸಿದ್ದು ಹಾಗೆ. ಕಲಿತ ಮೇಲೆ ಬೇರೆ ಕೆಲವು ಮಕ್ಕಳಿಗೆ ಅದರಿಂದ ಉಪಯೋಗವಾಗಿದೆ. ಆದರೆ ಕಲಿಸಿದವಳಿಗೆ ಆಗಲಿಲ್ಲ.